ಮೊದಲ ಡಿಎಸ್‌ಎಲ್‌ಆರ್‌ಗೆ ಯಾವ ಲೆನ್ಸ್: 18-55, 50 ಅಥವಾ 70-300?

ಹಳೆ ಪುಟ್ಟ ಕ್ಯಾಮೆರಾದಲ್ಲಿ 20 ಪಟ್ಟು ಜೂಮ್ ಇತ್ತು ಅಂತ ಲೆನ್ಸ್ ಬದಲಿಸಬಹುದಾದ ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲೂ ಅದನ್ನೇ ಹುಡುಕಬೇಡಿ. ಲೆನ್ಸ್ ಮೇಲಿನ ಈ ಸಂಖ್ಯೆಗಳು ಎಂಎಂನಲ್ಲಿ; ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. 18-55 ಅಂದರೆ ಮೂರು ಪಟ್ಟು ಅಷ್ಟೇ. ಆದರೂ ಮಡಿಕೇರಿ ರಾಜಾಸೀಟ್‌ನ ಬೆಟ್ಟಸಾಲು, ಐನ್‌ಮನೆ (ಕೊಡವರ ಮೂಲ ಮನೆ) ಮುಂದೆ ನಿಂತ ಇಡೀ ಕುಟುಂಬ, ಇವಕ್ಕೆ ಇದೇ ಸರಿ. ಬಹಳ ಸಲ ಕ್ಯಾಮೆರಾ ಜೊತೆಗೇ ಬರುತ್ತದೆ, ಬೇರೆ ಖರ್ಚಿಲ್ಲ.

ನಮ್ಮ ಕೊಡಗಿನ ಕಡೆ ನಿಜವಾದ ಪ್ರಶ್ನೆ ಬೆಳಕಿನದು, ಅಲ್ವಾ? ಜುಲೈ ಮೋಡ, ಕಾಫಿ ತೋಟದ ನೆರಳು, ಪುತ್ತರಿ (ಸುಗ್ಗಿ ಹಬ್ಬ) ರಾತ್ರಿ ಗದ್ದೆಯಲ್ಲಿ ಕದಿರು ತೆಗೆಯುವ ಹೊತ್ತು, ಇಲ್ಲೆಲ್ಲ 18-55ರ ಉದ್ದದ ತುದಿಯಲ್ಲಿ (55ರಲ್ಲಿ) ಎಫ್/5.6 ಮಾತ್ರ ಸಿಗುತ್ತದೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ), ಅದೇ 50 ಎಂಎಂ ಎಫ್/1.8 ಅದಕ್ಕಿಂತ ಸುಮಾರು 10 ಪಟ್ಟು ಜಾಸ್ತಿ ಬೆಳಕು ಒಳಗೆ ಬಿಡುತ್ತದೆ. ಬೆಲೆಯೂ ಕಡಿಮೆ, ಹಗುರ. ಆದರೆ ಜೂಮ್ ಇಲ್ಲ. ಸಣ್ಣ ಸೆನ್ಸರ್ (ಬೆಳಕು ಹಿಡಿಯುವ ಫಲಕ) ಇರುವ ಕ್ಯಾಮೆರಾದಲ್ಲಿ ಅದು 75-80 ಎಂಎಂನಂತೆ ಕಾಣುವುದರಿಂದ, ಚಿಕ್ಕ ಕೋಣೆಯಲ್ಲಿ ಬೆನ್ನು ಗೋಡೆಗೆ ತಾಗಿದರೂ ನಾಲ್ಕು ಜನ ಹಿಡಿಸುವುದು ಕಷ್ಟ. ಮಕ್ಕಳ ಮುಖ, ಹಬ್ಬದ ರಾತ್ರಿ ನಿಮಗೆ ಮುಖ್ಯವಾದರೆ ಮಾತ್ರ ಇದನ್ನು ತೆಗೆದುಕೊಳ್ಳಿ.

ನಾಗರಹೊಳೆ ಸಫಾರಿಗೆ, ತೋಟದ ಹಕ್ಕಿಗೆ 70-300. ಭಾರ, ಬೆಲೆ ಎರಡೂ ಜಾಸ್ತಿ. 300ರಲ್ಲಿ ಕೈ ನಡುಕ ಎದ್ದು ಕಾಣುತ್ತದೆ, ಹಾಗಾಗಿ ಕಂಪನ ತಡೆಯುವ ವ್ಯವಸ್ಥೆ ಇರುವುದನ್ನೇ ಕೊಳ್ಳಿ. ವರ್ಷಕ್ಕೆ ಒಂದೇ ಸಲ ಕಾಡಿಗೆ ಹೋಗುವವರು ಸುಮ್ನೆ ದುಡ್ಡು ಹಾಕಬೇಡಿ.

ಯಾವುದೇ ಕೊಂಡರೂ ಮಳೆಗಾಲದಲ್ಲಿ ಬಟ್ಟೆ ಬೀರುವಿನಲ್ಲಿ ಇಡಬೇಡಿ. ನನ್ನ ಒಂದು ಜೂಮ್‌ಗೆ ಹಾಗೇ ಒಳಗೆ ಬೂಸ್ಟು ಹಿಡಿಯಿತು. ಗಾಳಿಯಾಡದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಸಾಕು.