ಪ್ರೇಮಿಗಳ ದಿನಕ್ಕೆ ಬೊಕೆಯೋ, ಬೀಜದ ಕಾರ್ಡೋ, ಕುಂಡದ ಗುಲಾಬಿಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕುಂಡದ ಗುಲಾಬಿಗೆ. ನಮ್ಮವರಿಗೆ ಬೊಕೆಯೇ ಇಷ್ಟ. ಬೇರೆ ಬೇರೆ ವರ್ಷ ಎರಡನ್ನೂ ಕೊಟ್ಟು ತೆಗೆದುಕೊಂಡು ನೋಡಿದ್ದೇವೆ, ನಡುವೆ ಒಮ್ಮೆ ಬಿತ್ತಿದರೆ ಮೊಳೆಯುವ ಕಾಗದದ ಕಾರ್ಡನ್ನೂ.

ಬೊಕೆಯನ್ನು ಬೈಯುವವರೆಲ್ಲ ಮೊದಲು ದೂರುವುದು ಹೂ ಹೊತ್ತು ತರುವ ವಿಮಾನದ ಹೊಗೆಯನ್ನು. ಆ ಲೆಕ್ಕ ಅಷ್ಟು ಸಲೀಸಲ್ಲ. ಬ್ರಿಟನ್ನಿನಲ್ಲಿ ಮಾರುವ ಗುಲಾಬಿಗಳ ಬಗ್ಗೆ ಕ್ರ್ಯಾನ್‌ಫೀಲ್ಡ್ ವಿಶ್ವವಿದ್ಯಾಲಯ 2007ರಲ್ಲಿ ಹಾಕಿದ ಲೆಕ್ಕ ಹೀಗಿದೆ: 12,000 ಹೂಗಳಿಗೆ ನೆದರ್ಲೆಂಡ್ಸ್‌ನಲ್ಲಿ ಬೆಳೆದರೆ ಸುಮಾರು 35,000 ಕಿಲೋ ಇಂಗಾಲದ ಡೈಆಕ್ಸೈಡ್, ಕೆನ್ಯಾದಲ್ಲಿ ಬೆಳೆದು ವಿಮಾನದಲ್ಲಿ ತಂದರೂ ಸುಮಾರು 6,000 ಕಿಲೋ. ಚಳಿ ದೇಶದ ಹಸಿರುಮನೆಗೆ ಶಾಖವೂ ಬೇಕು, ದೀಪವೂ ಬೇಕು. ಫೆಬ್ರವರಿ 14 ಬೀಳುವುದು ಅಲ್ಲಿ ಗುಲಾಬಿ ತಾನಾಗಿ ಅರಳದ ಕಾಲದಲ್ಲಿ. ಹಾಗಾಗಿ ಹೂ ಎಷ್ಟು ದೂರದಿಂದ ಬಂತು ಎನ್ನುವುದರ ಜೊತೆಗೆ ಬಯಲಲ್ಲಿ ಬೆಳೆದದ್ದೋ, ಬಿಸಿ ಮಾಡಿದ ಮನೆಯಲ್ಲಿ ಬೆಳೆದದ್ದೋ ಎಂದೂ ಕೇಳಬೇಕು.

ನನಗೆ ಬೊಕೆ ಬೇಡವೆನಿಸಿದ್ದು ಇದರಿಂದಲ್ಲ, ಅದರ ಬುಡದಲ್ಲಿದ್ದ ಹಸಿರು ಸ್ಪಂಜಿನಿಂದ. ಹೂವಿನ ಅಂಗಡಿಯವರು ಫೋಮ್ ಅನ್ನುತ್ತಾರಲ್ಲ, ಬಟ್ಟಲಲ್ಲಿಟ್ಟು ಕಾಂಡ ಚುಚ್ಚುವುದು, ಅದು. ಹೂ ಬಾಡಿದ ಮೇಲೆ ಕಾಂಡ ಎಳೆದರೆ ಹಸಿರು ಪುಡಿಯೂ ಅಂಟಿಕೊಂಡೇ ಬಂತು. ಕೈಗೆ, ಮೇಜಿಗೆ, ಒರೆಸುವ ಬಟ್ಟೆಗೆ, ಎಲ್ಲ ಕಡೆ ಅದೇ. ನೋಡಲು ಪಾಚಿಯಂತಿದ್ದರೂ ಅದು ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ನಿಂದ ಮಾಡಿದ ಪ್ಲಾಸ್ಟಿಕ್. ಕಾಂಪೋಸ್ಟ್ ಗುಂಡಿಗೆ ಹಾಕಿದರೆ ಗೊಬ್ಬರವಾಗುವುದಿಲ್ಲ, ಇನ್ನೂ ಸಣ್ಣ ಪುಡಿಯಾಗುತ್ತದೆ, ಅಷ್ಟೇ. ಮರುಬಳಕೆಯ ಡಬ್ಬಕ್ಕೂ ಸಲ್ಲದು.

ಬಟ್ಟಲಲ್ಲಿ ಉಳಿದ ನೀರಿನದು ಇನ್ನೊಂದು ತಲೆನೋವು. ಸಿಂಕಿಗೆ ಸುರಿದರೆ ಪುಡಿಯೆಲ್ಲ ಚರಂಡಿ ಸೇರುತ್ತದೆ. ಆಸ್ಟ್ರೇಲಿಯಾದ ಆರ್‌ಎಂಐಟಿ ವಿಶ್ವವಿದ್ಯಾಲಯದವರು ಈ ಪುಡಿಯನ್ನು ಜಲಚರಗಳು ತಿನ್ನುತ್ತವೆ, ಅದರಿಂದ ರಾಸಾಯನಿಕಗಳು ನೀರಿಗೆ ಸೇರುತ್ತವೆ ಎಂದು ತೋರಿಸಿದ್ದಾರೆ. ಕೊನೆಗೆ ಹಳೆಯ ಬಟ್ಟೆಯಲ್ಲಿ ನೀರು ಸೋಸಿ, ಬಟ್ಟೆಯನ್ನು ಒಣಗಿಸಿ, ಪುಡಿ ಸಮೇತ ಕಸಕ್ಕೆ ಹಾಕಿದೆ. ಕಾಂಡಗಳ ತುದಿಯನ್ನೂ ಕತ್ತರಿಸಿ ಅದರ ಜೊತೆಗೇ ಕಳಿಸಿ, ಉಳಿದ ಭಾಗವನ್ನು ಮಾತ್ರ ಗೊಬ್ಬರಕ್ಕೆ ಹಾಕಿದೆ. ಪ್ರೀತಿಯ ಉಡುಗೊರೆಗೆ ಇಂಥ ಚಾಕರಿ! ಬ್ರಿಟನ್ನಿನ ತೋಟಗಾರಿಕೆ ಸಂಸ್ಥೆ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪ್ರದರ್ಶನಗಳಲ್ಲಿ ಈ ಫೋಮನ್ನು ನಿಷೇಧಿಸಿದೆ ಎಂದು ಆಮೇಲೆ ಓದಿದಾಗ ಸ್ವಲ್ಪ ಸಮಾಧಾನವಾಯಿತು.

ಬೀಜದ ಕಾರ್ಡು ಚೆಂದದ ಯೋಚನೆಯೇ. ಆದರೆ ಯಾವ ಹೂವಿನ ಬೀಜ ಎಂದು ನಮ್ಮ ಕಾರ್ಡಿನ ಮೇಲೆ ಎಲ್ಲೂ ಇರಲಿಲ್ಲ. ನಮ್ಮ ನೆಲದ್ದಲ್ಲದ ಕಳೆ ಎಬ್ಬಿಸಿದರೆ ಯಾರಿಗೇನು ಉಪಕಾರ? ಜೊತೆಗೆ ಇವರು ಕೈಯಾರೆ ಬರೆದ ನಾಲ್ಕು ಸಾಲನ್ನು ಮಣ್ಣು ಮಾಡಲು ಮನಸ್ಸಾಗಲಿಲ್ಲ. ಖಾಲಿ ಇದ್ದ ಅರ್ಧವನ್ನು ಹರಿದು ನೆಟ್ಟೆ, ಮೊಳೆತದ್ದು ಬೆರಳೆಣಿಕೆಯಷ್ಟು. ಹಾಗಿದ್ದರೂ ಮಿನುಗುಪುಡಿ ಅಂಟಿಸಿದ ಕಾರ್ಡಿಗಿಂತ ಇದು ಎಷ್ಟೋ ವಾಸಿ, ಅದನ್ನಂತೂ ಮರುಬಳಕೆಗೂ ಹಾಕುವಂತಿಲ್ಲ.

ಫಾಯಿಲ್ ಬಲೂನನ್ನು ನಾವು ಪರೀಕ್ಷೆಗೇ ತೆಗೆದುಕೊಳ್ಳಲಿಲ್ಲ.

ಇನ್ನು ಕುಂಡದ ಗುಲಾಬಿ. ದೋಷವಿಲ್ಲದ್ದೇನಲ್ಲ. ಪ್ಲಾಸ್ಟಿಕ್ ಕುಂಡ, ಅದರೊಳಗೆ ಪೀಟ್, ಅಂದರೆ ಜೌಗುನೆಲದ ಅರೆಕೊಳೆತ ಸಸ್ಯಾಂಶ, ಬೆರೆಸಿದ ಮಣ್ಣು. ಪೀಟ್ ತೆಗೆಯಲು ಸಾವಿರಾರು ವರ್ಷ ಇಂಗಾಲ ಹಿಡಿದಿಟ್ಟ ಜೌಗುನೆಲವನ್ನು ಅಗೆಯುತ್ತಾರೆ, ಆದ್ದರಿಂದ ಪೀಟ್ ಇಲ್ಲದ್ದು ಸಿಕ್ಕರೆ ಅದನ್ನೇ ಕೊಳ್ಳಿ. ದಟ್ಟವಾಗಿ ಕಾಣಲೆಂದು ಒಂದೇ ಕುಂಡದಲ್ಲಿ ನಾಲ್ಕೈದು ಕಡ್ಡಿ ಒತ್ತೊತ್ತಾಗಿ ನೆಟ್ಟಿರುವುದೂ ಸಾಮಾನ್ಯ. ಹೂ ಉದುರಿದ ಮೇಲೆ ಬೇರು ಬಿಡಿಸಿ ಬೇರೆ ಬೇರೆ ನೆಟ್ಟರೆ ಬದುಕುತ್ತವೆ. ಮನೆಯೊಳಗಿನ ಒಣ ಗಾಳಿಗೆ ಎಲೆಯ ಕೆಳಗೆ ನುಸಿ ಕೂರುತ್ತದೆ, ಆಗಾಗ ನೀರು ಹಾಯಿಸಿ ತೊಳೆದರೆ ತಹಬಂದಿಗೆ ಬರುತ್ತದೆ. ನಮ್ಮ ಕುಂಡದಿಂದ ಉಳಿದ ಎರಡು ಗಿಡ ಈಗಲೂ ಮೊಗ್ಗು ಬಿಡುತ್ತಿವೆ. ಕೊಟ್ಟ ದುಡ್ಡು ಬೊಕೆಯ ಅರ್ಧಕ್ಕಿಂತ ಕಡಿಮೆ.

ಬೆಳಗ್ಗೆ ಎದ್ದು ಮಣ್ಣಿಗೆ ಬೆರಳಿಟ್ಟು ನೋಡುವ ಅಭ್ಯಾಸ ನನಗಿದೆ, ಬಿಸಿಲು ಬೀಳುವ ಕಿಟಕಿಯೂ ಇದೆ. ತಿಂಗಳಲ್ಲಿ ಅರ್ಧದಷ್ಟು ದಿನ ಊರಲ್ಲೇ ಇರದವರಿಗೆ ಗಿಡ ಕೊಟ್ಟರೆ ಅದು ಒಣಗುವುದೇ ಸರಿ. ಅವರಿಗೆ ಆಯಾ ಕಾಲದಲ್ಲಿ ಬಯಲಲ್ಲಿ ಅರಳುವ ಹೂಗಳನ್ನು ದಾರದಿಂದ ಕಟ್ಟಿದ ಬೊಕೆಯೇ ಸರಿ. ಜೋಡಣೆ ನಿಲ್ಲಲೇಬೇಕೆಂದರೆ ಜಪಾನಿನ ಹೂ ಜೋಡಿಸುವ ಕಲೆ ಇಕೆಬಾನಾದವರು ಬಳಸುವ ಕೆನ್ಜಾನ್, ಅಂದರೆ ಮುಳ್ಳುಮುಳ್ಳಿನ ಲೋಹದ ಬಿಲ್ಲೆ ಇದೆ, ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತದೆ. ಆರ್ಡರ್ ಕೊಡುವಾಗಲೇ ‘ಫೋಮ್ ಬೇಡ’ ಎಂದು ಬರೆದುಬಿಡಿ. ಕೇಳದಿದ್ದರೆ ಹಾಕಿಯೇ ಕಳಿಸುವ ಅಂಗಡಿಗಳಿವೆ.