ಬಲ ಕ್ಲಿಕ್ ಮೆನು: ವಿಂಡೋಸ್ 10ರದ್ದು ಒಳ್ಳೆಯದೋ, 11ರದ್ದೋ?

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಜೆರಾಕ್ಸ್, ಡಿಟಿಪಿ ಅಂಗಡಿ ಇಡುವವರು ಕಂಪ್ಯೂಟರ್ ಆರಿಸುವಾಗ ಇದನ್ನೂ ನೋಡಬೇಕು: ಫೈಲ್ ಮೇಲೆ ಬಲ ಕ್ಲಿಕ್ ಮಾಡಿದರೆ ಬರುವ ಮೆನು. ಸ್ಕ್ಯಾನ್ ಮಾಡಿದ ಫೈಲ್‌ಗೆ ಹೆಸರಿಡುವುದು, ಕಾಪಿ ಮಾಡುವುದು ಅಲ್ಲಿ ದಿನವಿಡೀ ನಡೆಯುತ್ತಲೇ ಇರುತ್ತದೆ.

ವಿಂಡೋಸ್ 10ರಲ್ಲಿ ಎಲ್ಲವೂ ಒಂದೇ ಉದ್ದ ಪಟ್ಟಿ. ಕಟ್, ಕಾಪಿ, ಡಿಲೀಟ್, ರೀನೇಮ್ ಅಕ್ಷರದಲ್ಲೇ ಇರುತ್ತವೆ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಓದಿ ಒತ್ತಬಹುದು. ಆದರೆ ಸಾಫ್ಟ್‌ವೇರ್ ಹಾಕಿದಷ್ಟೂ ಪಟ್ಟಿ ಬೆಳೆಯುತ್ತದೆ.

2021ರಲ್ಲಿ ಬಂದ 11 ಇದನ್ನು ಚಿಕ್ಕದು ಮಾಡಿತು. ಕಟ್, ಕಾಪಿ, ರೀನೇಮ್, ಡಿಲೀಟ್ ಒಂದೇ ಸಾಲಿನ ಚಿತ್ರಗಳಾದವು. ಮೌಸ್‌ಗೆ ಹತ್ತಿರದಲ್ಲೇ ಸಿಗುತ್ತವೆ. ಮೊದಲು ಬರೀ ಚಿತ್ರ ಇತ್ತು, 24ಎಚ್2 ಆವೃತ್ತಿಯಲ್ಲಿ ಕೆಳಗೆ ಹೆಸರೂ ಬಂತು. ಜಿಪ್ ಮಾಡುವುದೂ (ಫೈಲ್‌ಗಳನ್ನು ಕುಗ್ಗಿಸಿ ಒಂದು ಮಾಡುವುದು) ಮೊದಲ ಪಟ್ಟಿಯಲ್ಲೇ ಇದೆ. 10ರಲ್ಲಾದರೆ 'ಸೆಂಡ್ ಟು' ಒಳಗೆ ಹೋಗಬೇಕು. ತೊಂದರೆ ಎಂದರೆ, ಹಳೆಯ ರೀತಿಯಲ್ಲಿ ಬರೆದ ಸಾಫ್ಟ್‌ವೇರ್‌ಗಳ ಆಯ್ಕೆಗಳು 'ಶೋ ಮೋರ್ ಆಪ್ಷನ್ಸ್' ಒಳಗೆ ಸೇರಿಕೊಂಡಿವೆ. ಪ್ರತಿ ಸಲ ಸುಮ್ನೆ ಇನ್ನೊಂದು ಕ್ಲಿಕ್. ಗಿರಾಕಿ ಕಾಯುತ್ತಿರುವಾಗ ಇದು ಕಿರಿಕಿರಿ ಅಲ್ವಾ? ಶಿಫ್ಟ್ ಒತ್ತಿಕೊಂಡು ಬಲ ಕ್ಲಿಕ್ ಮಾಡಿ, ಹಳೆಯ ಪಟ್ಟಿ ನೇರವಾಗಿ ಬರುತ್ತದೆ.

ಮೆನು ಮಾತ್ರ ನೋಡಿದರೆ ನನಗೆ 10 ಜಾಸ್ತಿ ಇಷ್ಟ. ಆದರೂ ಹೊಸದಾಗಿ ಕೊಳ್ಳುವವರು 11 ತಗೊಳ್ಳಿ. 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ, ಅಂದರೆ ಸುರಕ್ಷತೆಯ ಅಪ್‌ಡೇಟ್ ಕೊಡುವುದು, 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಜನರ ಆಧಾರ್, ಪಾಸ್‌ಬುಕ್ ಪ್ರತಿಗಳು ಇರುವ ಕಂಪ್ಯೂಟರ್‌ನಲ್ಲಿ ಅದು ಸಣ್ಣ ವಿಷಯವಲ್ಲ. ಇನ್ನು ಹೆಸರು ಬದಲಿಸಲು ಮೆನುವೇ ಬೇಡ, ಎರಡರಲ್ಲೂ ಎಫ್2 ಒತ್ತಿದರೆ ಸಾಕು.