ಎಂಟು ಪಟ್ಟಿಗಳ ಮಕ್ಕಳ ಗ್ಲೋಕನ್‌ಸ್ಪೀಲ್: ಸ್ವರಕ್ಕೆ ಒಳ್ಳೆಯದು, ಲಯಕ್ಕೆ ಸಾಲದು

ಬಣ್ಣ ಬಳಿದ ಎಂಟು ಲೋಹದ ಪಟ್ಟಿ, ಒಂದು ಮರದ ಚೌಕಟ್ಟು, ಎರಡು ಕೋಲು. ಅಂಗಡಿಯಲ್ಲಿ ಕ್ಸೈಲೋಫೋನ್ ಎಂದು ಕೇಳಿದರೂ ಎಷ್ಟೋ ಸಲ ಕೈಗೆ ಬರುವುದು ಇದೇ. ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ ಸ್ವರ ಪರಿಚಯ ಮಾಡಿಸಲು ಇದು ತುಂಬಾ ಒಳ್ಳೆಯ ವಾದ್ಯ. ಉಸಿರು ಹಿಡಿದು ಊದಬೇಕಿಲ್ಲ, ತಂತಿ ಒತ್ತಿ ಬೆರಳು ನೋಯಿಸಿಕೊಳ್ಳಬೇಕಿಲ್ಲ, ಬಡಿದ ಕೂಡಲೇ ಸ್ವರ ಬರುತ್ತದೆ. ಆದರೆ ಶ್ರುತಿ ಸರಿಯಿರಬೇಕು. ಆಟಿಕೆಯಾಗಿ ಮಾಡಿದ್ದೂ ವಾದ್ಯವಾಗಿ ಮಾಡಿದ್ದೂ ದೂರದಿಂದ ಒಂದೇ ಥರ ಕಾಣುವುದರಿಂದ, ಕೊಳ್ಳುವ ಮೊದಲು ಒಂದು ಸ್ಕೇಲು ಹಿಡಿದು ಪಟ್ಟಿಗಳನ್ನು ಅಳೆಯಿರಿ.

ಒಂದೇ ದಪ್ಪದ ಪಟ್ಟಿಗಳಲ್ಲಿ ಉದ್ದ ಅರ್ಧವಾದರೆ ಕಂಪನ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಮೇಲಿನ ಸ ಸ್ವರಕ್ಕೆ ಬೇಕಾದದ್ದು ಕೆಳಗಿನ ಸದ ಎರಡು ಪಟ್ಟು ಕಂಪನ ಮಾತ್ರ. ಹಾಗಾಗಿ ಮೇಲಿನ ಸ ಪಟ್ಟಿ ಕೆಳಗಿನ ಸ ಪಟ್ಟಿಯ ಅರ್ಧ ಇರುವುದಿಲ್ಲ, ಶೇ. 71ರಷ್ಟು ಇರುತ್ತದೆ. ದೊಡ್ಡದು 15 ಸೆಂ.ಮೀ. ಇದ್ದರೆ ಚಿಕ್ಕದು 10.6 ಸೆಂ.ಮೀ. ನಡುವಿನ ಪಟ್ಟಿಗಳೂ ಸಮನಾಗಿ ಇಳಿಯಬಾರದು. ಸ‑ರಿ, ರಿ‑ಗ ನಡುವೆ ಸುಮಾರು 8 ಮಿ.ಮೀ. ಕಡಿಮೆಯಾದರೆ, ಗ‑ಮ ನಡುವೆ ಅದರ ಅರ್ಧಕ್ಕಿಂತ ತುಸು ಕಡಿಮೆ. ನಿ‑ಸ ನಡುವೆ ಬರೀ 3 ಮಿ.ಮೀ. ಈ ಎರಡು ಜಾಗದಲ್ಲಿ ಇರುವುದು ಅರ್ಧ ಅಂತರ, ಉಳಿದೆಡೆ ಪೂರ್ಣ. ಎಂಟೂ ಪಟ್ಟಿ ಮೆಟ್ಟಿಲಿನ ಹಾಗೆ ಒಂದೇ ಲೆಕ್ಕದಲ್ಲಿ ಇಳಿದಿದ್ದರೆ ಅದು ನೋಡಲಿಕ್ಕೆ ಮಾತ್ರ ಚೆಂದ, ಅದರಲ್ಲಿ ಕಲಿತ ಮಗುವಿನ ಕಿವಿ ಗ ಮತ್ತು ನಿ ಸ್ವರಗಳನ್ನು ತಪ್ಪಾಗಿಯೇ ನೆನಪಿಟ್ಟುಕೊಳ್ಳುತ್ತದೆ. ಪಟ್ಟಿಯ ಅಡಿಯಲ್ಲಿ ಉಜ್ಜಿ ಶ್ರುತಿ ಮಾಡಿದ ವಾದ್ಯಗಳಲ್ಲಿ ಈ ಅಳತೆ ಸ್ವಲ್ಪ ಆಚೀಚೆ ಆಗಬಹುದು. ಅಲ್ಲಿ ಫೋನಿನ ಟ್ಯೂನರ್ ಆಪ್ ನೋಡಿ. ಬಡಿದ ಕ್ಷಣದಲ್ಲಿ ಮುಳ್ಳು ಹಾರಾಡುತ್ತದೆ. ಅರ್ಧ ಸೆಕೆಂಡು ಬಿಟ್ಟು ನಿಂತ ಅಂಕಿಯನ್ನು ಓದಿ. 10 ಸೆಂಟ್‌ವರೆಗಿನ (ಒಂದು ಸೆಂಟ್ ಎಂದರೆ ಅರ್ಧ ಅಂತರದ ನೂರನೇ ಒಂದು ಭಾಗ) ವ್ಯತ್ಯಾಸ ನಡೆಯುತ್ತದೆ, 20 ದಾಟಿದರೆ ಜೊತೆಗೆ ಹಾಡುವಾಗ ಕಿವಿಗೆ ಚುಚ್ಚುತ್ತದೆ.

ಮುಂದೆ ಮೊಳೆಗಳನ್ನು ನೋಡಿ. ಪಟ್ಟಿ ಕಂಪಿಸುವಾಗ ಎರಡೂ ತುದಿಯಿಂದ ಉದ್ದದ ಸುಮಾರು ಶೇ. 22ರಷ್ಟು ಒಳಗೆ ಅಲುಗದ ಒಂದೊಂದು ಬಿಂದು ಇರುತ್ತದೆ. 15 ಸೆಂ.ಮೀ. ಪಟ್ಟಿಗೆ ಇದು ತುದಿಯಿಂದ 3.4 ಸೆಂ.ಮೀ. ಮೊಳೆ ಇರಬೇಕಾದದ್ದು ಅಲ್ಲೇ. ತೀರಾ ತುದಿಗೆ ಹೊಡೆದಿದ್ದರೆ ಸ್ವರ ನಿಲ್ಲುವುದಿಲ್ಲ, ಟಕ್ ಎಂದು ಸತ್ತುಹೋಗುತ್ತದೆ. ಜಾಗ ಸರಿಯಿದ್ದೂ ಒಂದೇ ಪಟ್ಟಿ ಮಂಕಾಗಿದ್ದರೆ ಸ್ಕ್ರೂ ಬಿಗಿಯಾಗಿದೆ ಎಂದರ್ಥ; ಕಾಲು ಸುತ್ತು ಸಡಿಲಿಸಿ. ಝಿರ್ ಎನ್ನುತ್ತಿದ್ದರೆ ಪಟ್ಟಿಯಡಿಯ ಫೆಲ್ಟ್ ಅಥವಾ ರಬ್ಬರ್ ಬಿದ್ದುಹೋಗಿರುತ್ತದೆ. ಪಟ್ಟಿಗಳ ಮೇಲೆ ಸಾಮಾನ್ಯವಾಗಿ ಸಿ, ಡಿ, ಇ ಎಂದು ಇಂಗ್ಲಿಷ್ ಅಕ್ಷರಗಳಿರುತ್ತವೆ. ಸ, ರಿ, ಗ ಎಂದು ಚೀಟಿ ಅಂಟಿಸುವುದಾದರೆ ಮೊಳೆಯ ಪಕ್ಕದಲ್ಲೇ ಅಂಟಿಸಿ. ನಡುವಿಗೋ ತುದಿಗೋ ಅಂಟಿಸಿದರೆ ಅಷ್ಟು ಭಾರಕ್ಕೇ ನಾದ ಮಂಕಾಗುತ್ತದೆ.

ಜೊತೆಗೆ ಬರುವ ಕೋಲುಗಳೇ ಈ ಸೆಟ್‌ಗಳ ದುರ್ಬಲ ಭಾಗ. ಗಟ್ಟಿ ಪ್ಲಾಸ್ಟಿಕ್ ತಲೆ ಕಿವಿಗೆ ಕರ್ಕಶ, ರಬ್ಬರ್ ತಲೆಯದ್ದು ಸಿಕ್ಕರೆ ಬದಲಿಸಿಬಿಡಿ. ಮಕ್ಕಳು ಕೋಲನ್ನು ಮುಷ್ಟಿಯಲ್ಲಿ ಹಿಡಿದು ಪಟ್ಟಿಗೆ ಒತ್ತಿಬಿಡುತ್ತಾರೆ, ಆಗ ಕೋಲೇ ನಾದವನ್ನು ಅದುಮುತ್ತದೆ. ಹೆಬ್ಬೆರಳು, ತೋರುಬೆರಳಿನ ನಡುವೆ ಸಡಿಲವಾಗಿ ಹಿಡಿಸಿ, ಬಿಸಿ ಕಾವಲಿ ಮುಟ್ಟಿದ ಕೈಯಂತೆ ಕೋಲು ತಟ್ಟನೆ ಹಿಂದೆ ಬರಬೇಕು.

ಪಟ್ಟಿ ಬಿಚ್ಚಿ ಹಾಕಬಹುದಾದ ಮಾದರಿ ಸಿಕ್ಕರೆ ಅದನ್ನೇ ಆರಿಸಿ. ಎಂಟನ್ನೂ ಒಮ್ಮೆಗೇ ಮುಂದಿಟ್ಟರೆ ಮಗು ಸರ್ರನೆ ಕೋಲು ಎಳೆಯುತ್ತದೆಯೇ ಹೊರತು ಕೇಳುವುದಿಲ್ಲ. ಮೊದಲು ಪ, ಗ ಎರಡೇ ಇಡಿ. ಮಕ್ಕಳಿಗೆ ಈ ಇಳಿಜಾರನ್ನು ಹಾಡುವುದು ಸುಲಭ. ನೀವು ಬೆನ್ನು ತಿರುಗಿಸಿ ಒಂದನ್ನು ಬಡಿಯಿರಿ, ಮಗು ಅದನ್ನು ಹಾಡಿ ಹೆಸರು ಹೇಳಲಿ. ತಪ್ಪದೆ ಹೇಳತೊಡಗಿದ ಮೇಲೆ ದ, ಆಮೇಲೆ ರಿ, ಸ. ಮ ಮತ್ತು ನಿ ಇಲ್ಲದ ಈ ಐದು ಸ್ವರಗಳಲ್ಲಿ ಅರ್ಧ ಅಂತರವೇ ಇಲ್ಲ, ಮಗು ಯಾವುದನ್ನು ಯಾವುದರ ಜೊತೆ ಬಡಿದರೂ ಕೇಳಲು ಹಿತ. ಮೋಹನ ರಾಗದ ಸ್ವರಗಳೂ ಇವೇ. ಬಣ್ಣಗಳ ಬಗ್ಗೆ ಮಾತ್ರ ಎಚ್ಚರ: ಕೆಂಪಾದ ಮೇಲೆ ಹಳದಿ ಎಂದು ನೆನಪಿಟ್ಟು ನುಡಿಸುವ ಮಗು ಸ್ವರ ಕಲಿತಿಲ್ಲ. ಪಟ್ಟಿಗಳ ಮೇಲೆ ಬಟ್ಟೆ ಮುಚ್ಚಿ ನೀವೇ ಒಂದನ್ನು ತಟ್ಟಿ ಕೇಳಿದರೆ ಅದು ತಿಳಿಯುತ್ತದೆ.

ಲಯ ಕಲಿಸಲು ಇದನ್ನೇ ನೆಚ್ಚಿಕೊಳ್ಳಬೇಡಿ. ಲೋಹದ ನಾದ ಮುಂದಿನ ಮಾತ್ರೆಗೂ ಹರಿಯುತ್ತದೆ. ದೀರ್ಘಕ್ಕೂ ಹ್ರಸ್ವಕ್ಕೂ ಭೇದ ಕೇಳಿಸದು, ವಿರಾಮವಂತೂ ಇಲ್ಲವೇ ಇಲ್ಲ. ಲಯ ಮೊದಲು ಬಾಯಲ್ಲಿ, ಚಪ್ಪಾಳೆಯಲ್ಲಿ ಬರಲಿ: ಒಂದು ಪೆಟ್ಟಿಗೆ ತಾ, ಅದೇ ಪೆಟ್ಟಿನಲ್ಲಿ ಎರಡಕ್ಕೆ ತಕ, ನಾಲ್ಕಕ್ಕೆ ತಕಧಿಮಿ. ವಿರಾಮಕ್ಕೆ ಎರಡೂ ಅಂಗೈ ಬಿಚ್ಚಿ ತೋರಿಸಲಿ, ಖಾಲಿ ಪೆಟ್ಟಿಗೂ ಕೈಯಲ್ಲಿ ಕೆಲಸವಿದ್ದರೆ ಮಗು ಅದನ್ನು ನುಂಗುವುದಿಲ್ಲ. ಒಂದೇ ಗತಿಯಲ್ಲಿ ಟಕ್ ಟಕ್ ಎನ್ನುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಪೆಟ್ಟಿಗೆ ಇಟ್ಟು ನಿಧಾನ ಮಾಡಿದರೆ ಸುಲಭವಾದೀತು ಎಂದುಕೊಳ್ಳುತ್ತೇವೆ, ಆಗುವುದು ಉಲ್ಟಾ. ಚಿಕ್ಕ ಮಕ್ಕಳ ಸಹಜ ಗತಿ ದೊಡ್ಡವರದ್ದಕ್ಕಿಂತ ಚುರುಕು, ಎರಡು ಪೆಟ್ಟಿನ ನಡುವಿನ ಖಾಲಿ ಜಾಗದಲ್ಲಿ ಕಾಯಲಾರದೆ ಅವರು ಮುಂದೆ ಓಡುತ್ತಾರೆ. 100ರ ಆಸುಪಾಸಿನಲ್ಲಿ ಶುರುಮಾಡಿ, ಹಿಡಿತ ಬಂದಂತೆ ಇಳಿಸಿ.

ಕರ್ನಾಟಕ ಸಂಗೀತದ ಪಾಠಕ್ಕೆ ಜೊತೆಯಾಗಲಿ ಎಂದು ಕೊಳ್ಳುವವರಿಗೆ ಎಂಟು ಪಟ್ಟಿಯದ್ದು ಬೇಡ. ಇದರಲ್ಲಿರುವುದು ಶಂಕರಾಭರಣ ರಾಗದ ಸ್ವರಗಳು. ಮೊದಲ ಪಾಠವಾದ ಸರಳೆ ವರಸೆ ಕಲಿಸುವುದು ಮಾಯಾಮಾಳವಗೌಳ ರಾಗದಲ್ಲಿ. ಅದರ ಶುದ್ಧ ರಿಷಭ, ಶುದ್ಧ ಧೈವತ (ಇಲ್ಲಿನ ರಿ, ದಗಳಿಗಿಂತ ಅರ್ಧ ಅಂತರ ಕೆಳಗಿನವು) ಇಲ್ಲಿ ಇಲ್ಲವೇ ಇಲ್ಲ. ಹಾರ್ಮೋನಿಯಂ ಮನೆಗಳಂತೆ ಎರಡು ಸಾಲಿನಲ್ಲಿ ಕನಿಷ್ಠ 13 ಪಟ್ಟಿ ಇರುವ ಸೆಟ್ ತೆಗೆದುಕೊಳ್ಳಿ. ಕೆಳಗಿನ ಸಾಲಿನ ಎರಡನೆಯ ಮತ್ತು ಆರನೆಯ ಪಟ್ಟಿ ಬಿಚ್ಚಿಟ್ಟು, ಅವುಗಳ ಎಡಕ್ಕೆ ಮೇಲಿನ ಸಾಲಿನಲ್ಲಿರುವ ಎರಡನ್ನು ಉಳಿಸಿ, ಆ ಸಾಲಿನ ಮಿಕ್ಕ ಮೂರನ್ನೂ ತೆಗೆದುಬಿಡಿ.